ಹೊಟ್ಟಿನ ರಾಶಿಯ ದಫೇದಾರರು

ನಿವೃತ್ತ ದಫೇದಾರ್ ಸಣ್ಣತಿಮ್ಮಪ್ಪನವರು ಖಾಕಿ ಬಿಚ್ಚಿಟ್ಟರೂ ಮೀಸೆಯನ್ನು ಇನ್ನೂ ಡ್ಯೂಟಿಯ ಮೇಲೇ ಇಟ್ಟಿದ್ದಾರೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಗೆ ಬಂದರೆ ಮೊದಲು ಬಾಗಿಲಲ್ಲೇ ನಿಂತು, ಕೂತವರನ್ನೆಲ್ಲ ಕಳ್ಳರ ಗುರುತು ಹಿಡಿಯುವವರಂತೆ ನೋಡುತ್ತಾರೆ, ಟೀ ಆರಿದ್ದರೆ "ಯಾವನ್ಲೇ ಇದಕ್ಕೆ ಜವಾಬ್ದಾರ?" ಎಂದು ವಿಚಾರಣೆ ಶುರುಮಾಡುತ್ತಾರೆ. ಆಮೇಲೆ ಕಥೆ. ಎಣ್ಣೆ ಮಿಲ್ಲಿನಿಂದ ಶೇಂಗಾ ಚೀಲ ಹೊತ್ತು ಓಡಿದ ಕೊಟ್ರೇಶಿಯನ್ನು ತಾವು ಹಾರಿ ಹಿಡಿದ ಕಥೆ. ಅದನ್ನು ಹೇಳಿದಾಗಲೆಲ್ಲ, ಎಂದೋ ಶಿಕ್ಷೆ ಮುಗಿಸಿ, ತಲೆ ನರೆತು, ಅದೇ ಬೆಂಚಿನ ತುದಿಯಲ್ಲಿ ಬನ್ ಅದ್ದಿ ತಿನ್ನುತ್ತಿದ್ದ ಕೊಟ್ರೇಶಿಯೇ ಎದ್ದು, "ಸುಳ್ಳು ಸ್ವಾಮಿ! ನೀವು ಶೇಂಗಾ ಹೊಟ್ಟಿನ ರಾಶೀಲಿ ಕುತ್ತಿಗೆತನಕ ಹೂತುಹೋಗಿದ್ರಿ. ಪಾಪ ಅಂತ ವಾಪಸ್ ಬಂದು ಟವಲ್ ಚಾಚಿದೆ. ಅದನ್ನ ಹಿಡಕಂಡು ಮೇಲೆ ಬಂದೋರು ನನ್ನೇ ಹಿಡಕಂಡ್ರಿ!" ಎನ್ನುತ್ತಿದ್ದ. ಅಂಗಡಿಗೆ ಅಂಗಡಿಯೇ ನಗುತ್ತಿತ್ತು. ದಫೇದಾರರು "ಲೇ, ಒಳಗೆ ಹಾಕ್ತೀನಿ" ಎಂದು ಗುಡುಗಿ ಅವನಿಗೂ ಒಂದು ಟೀ ಹೇಳುತ್ತಿದ್ದರು. ಕಳೆದ ಯುಗಾದಿಗೆ ಕೊಟ್ರೇಶಿ ತೀರಿಕೊಂಡ. ಅಂದಿನಿಂದ ಕಥೆ ಬೆಳೆಯುತ್ತಲೇ ಇದೆ: ಒಬ್ಬ ಕಳ್ಳ ಹೋಗಿ ಮೂವರಾದರು, ಚೀಲ ಹೋಗಿ ಲಾರಿಯಾಯಿತು, ನಿನ್ನೆಯಂತೂ ಆ ಲಾರಿಯನ್ನು ದಫೇದಾರರು ಸೈಕಲ್ಲಿನಲ್ಲೇ ರಾಂಪುರದವರೆಗೆ ಅಟ್ಟಿಸಿಕೊಂಡು ಹೋದರು. ಕೇಳುವವರು ಹಿರಿಯರ ಮಾತೆಂದು "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸುತ್ತಾರೆ. ದಫೇದಾರರು ಬೆಂಚಿನ ಖಾಲಿ ತುದಿಯನ್ನೊಮ್ಮೆ ನೋಡಿ, ಆರಿಹೋದ ಟೀಯನ್ನು ಯಾರನ್ನೂ ವಿಚಾರಿಸದೆ ಕುಡಿದು, ಮೆಲ್ಲಗೆ ಅನ್ನುತ್ತಾರೆ: "ಸುಳ್ಳು ಅನ್ರಲೇ ಯಾರಾದ್ರೂ."