ಗಂಗಾಬಾಯಿಯ ಹುಲ್ಲು ಕತ್ತರಿಸುವ ಗಾಡಿ

ನರೋಣಾದ ಗಂಗಾಬಾಯಿಯ ಅರ್ಧ ಆಯುಷ್ಯ ಕಂಡವರ ಹೊಲದಲ್ಲಿ ಬಗ್ಗಿಯೇ ಕಳೆದಿತ್ತು. ತೊಗರಿ ಸಾಲಿನಲ್ಲಿ ಕಸ ಕೀಳುವುದೆಂದರೆ ಗೊತ್ತಲ್ಲ, ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಥವಳು ಈಗ ಆಳಂದ ರಸ್ತೆಯ ಮದುವೆ ಹಾಲ್‌ನ ಲಾನಿನಲ್ಲಿ ಗಾಡಿಯ ಸೀಟಿನ ಮೇಲೆ ಕೂತು ಹುಲ್ಲು ಕತ್ತರಿಸುತ್ತಾಳೆ! ಹಾಲ್‌ನ ಮಾಲೀಕ ಶಾಂತಕುಮಾರ ಪುಟ್ಟ ಟ್ರ್ಯಾಕ್ಟರಿನಂಥ ಪೆಟ್ರೋಲ್ ಗಾಡಿಯೊಂದನ್ನು ತರಿಸಿದ್ದ. ಓಡಿಸಲು ಬಂದ ಗಂಡಸರಲ್ಲಿ ಒಬ್ಬ ಗುಲಾಬಿ ಗಿಡಕ್ಕೆ, ಇನ್ನೊಬ್ಬ ಕಾಂಪೌಂಡಿಗೆ ಗುದ್ದಿ ಹೋದ ಮೇಲೆ, ಅಲ್ಲಿ ಕಸ ಗುಡಿಸುತ್ತಿದ್ದ ಗಂಗಾಬಾಯಿ ಸೆರಗು ಬಿಗಿದು ಹತ್ತಿ ಕೂತಳು. ಅಂದಿನಿಂದ ಇಳಿದಿದ್ದರೆ ಕೇಳಿ. ಮದುವೆಗೆ ಬಂದ ಹೆಂಗಸರು ಬಾಯಿ ಬಿಟ್ಟು ನೋಡುತ್ತಿದ್ದರು. ಅವಳೂ ಅವರ ಮುಂದೆ ಒಂದು ಸುತ್ತು ಹೆಚ್ಚಿಗೇ ಹೊಡೆಯುತ್ತಿದ್ದಳು.

ದಸರೆಯಲ್ಲಿ ಆಯುಧ, ಗಾಡಿಗಳಿಗೆ ಮಾಡುವ ಖಂಡೇ ಪೂಜೆ ಮುಗಿದದ್ದೇ ಆ ಗಾಡಿಗೆ ಏನೋ ಬಡಿಯಿತು. ಚೆನ್ನಾಗಿ ಶುರುವಾಗುತ್ತಿತ್ತು, ಲಾನಿನ ನಡುವಿಗೆ ಬಂದರೆ ಕೆಮ್ಮಿ, ಬಿಕ್ಕಿ, ಬಂದ್. ಮೆಕ್ಯಾನಿಕ್ ಅಬ್ದುಲ್ ಗನಿ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ, ಪೈಪು ಊದಿದ, ಫಿಲ್ಟರ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಅವನ ಮುಂದೆ ಗಾಡಿ ಏನೂ ಅರಿಯದ ಕೂಸಿನಂತೆ ಓಡಿತು. ಅವನ ಬೈಕು ಗೇಟು ದಾಟಿತೋ ಇಲ್ಲವೋ, ಮತ್ತೆ ಅದೇ ಬಿಕ್ಕಳಿಕೆ.

"ಗಾಡಿ ಮಸ್ತ್ ಅದ ಸಾವಕಾರ್ರ," ಎಂದು ಗನಿ ಫೋನಿನಲ್ಲೇ ಕೈ ತೊಳೆದುಕೊಂಡ. "ಓಡ್ಸೋರು ಏನ್ ಮಾಡ್ತಾರೋ ನನಗೇನ್ ಗೊತ್ರಿ?"

ಶಾಂತಕುಮಾರ ಗಂಗಾಬಾಯಿಯನ್ನು ಕರೆದ. "ನೋಡು ಗಂಗಾಬಾಯಿ, ನಾಳಿ ಮದುವಿ ಅದ. ಇವತ್ತ ಹುಲ್ಲ ಪೂರಾ ಆಗ್ಲಿಲ್ಲಂದ್ರ ಸಂಜೀಕ ಚಾವಿ ತಂದ್ ಕೊಡು. ಕಲಬುರಗಿಯಿಂದ ಡ್ರೈವರ್‌ನ ಕರಸ್ತೇನಿ, ನೀ ಮೊದಲಿನಂಗ ಕಸಬರಿಗಿ ಹಿಡಿ."

ಅವಳ ಕಣ್ಣಲ್ಲಿ ನೀರೇ ಬಂತು. ಕಸಬರಿಗೆಯೂ ಅನ್ನ ಹಾಕುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮತ್ತೆ ಬಗ್ಗುವುದೇ?

ಮಧ್ಯಾಹ್ನ ಗಾಡಿ ಲಾನಿನ ನಡುವೆ ನಿಂತಿತು. "ಏ ಮೂದೇವಿ, ಹೊಟ್ಟಿಗಿ ಹಾಕೇನಲ್ಲ, ಇನ್ನೇನ್ ಬೇಕು ನಿನಗ?" ಎಂದು ಬೈಯುತ್ತ, ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಮುಚ್ಚಳ ತಿರುಗಿಸಿದಳು. ಟ್ಯಾಂಕು ಸುಂಯ್ ಎಂದು ಗಾಳಿ ಎಳೆದುಕೊಂಡಿತು. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಚಾವಿ ತಿರುವಿದರೆ ಗಾಡಿ ಓಡಿತು, ಸ್ವಲ್ಪ ಹೊತ್ತಿಗೆ ನಿಂತಿತು. ತೆಗೆದರೆ ಮತ್ತೆ ಸುಂಯ್! ಗಂಗಾಬಾಯಿ ಈ ಸಲ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಮೇಲೆ ಅವಳೇ ಬಳಿದ ವಿಭೂತಿಯ ಮೂರು ಪಟ್ಟೆ, ಒಣಗಿ ಗಾರೆಯಂತಾಗಿತ್ತು. ಗಾಡಿಗೆ ಹಣೆ ಎಲ್ಲಿಂದ ಬರಬೇಕು? ಎದುರಿಗೆ ಗುಂಡಗೆ ಕಾಣುವ ಮುಚ್ಚಳವೇ ಹಣೆಯೆಂದು ಪೂಜೆಯ ದಿನ ಭಕ್ತಿಯಿಂದ ದಪ್ಪಗೆ ಬಳಿದಿದ್ದಳು.

ಗನಿಗೆ ಫೋನು ಹಚ್ಚಿ ಸುಂಯ್ ಸದ್ದು, ಮುಚ್ಚಳದ ವಿಭೂತಿ ಎರಡನ್ನೂ ಹೇಳಿದಳು. ಅವನು ಆ ಕಡೆ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಮುಚ್ಚಳದಾಗ ಒಂದು ಸಣ್ಣ ತೂತ ಇರ್ತದಕ್ಕಾ, ಅದು ಮುಚ್ಚಿ ಹೋಗ್ಯದ. ಗಾಳಿ ಒಳಗ ಹೋದ್ರ ಪೆಟ್ರೋಲ್ ಇಂಜಿನ್ನಿಗೆ ಇಳೀತದ. ನಾ ಬಂದಾಗೆಲ್ಲ ಮುಚ್ಚಳ ತಗದು ನೋಡ್ತಿದ್ದೆ, ಅದಕ್ಕ ನನ್ನ ಮುಂದ ಓಡ್ತಿತ್ತು."

"ಮುಚ್ಚಳದ ಮ್ಯಾಲಿನ ಈಬತ್ತಿ ನಿನಗ ಕಾಣ್ಲಿಲ್ಲೇನೋ ಭಾಯಿ?"

"ಕಂಡಿತ್ತಕ್ಕಾ. ನೀವು ಪೂಜಿ ಮಾಡಿದ್ದು, ಒರಸೂದು ಚಂದ ಅಲ್ಲಂತ ಕೈ ಹಚ್ಚಲಿಲ್ಲ."

ಇವಳ ಭಕ್ತಿ, ಅವನ ಮರ್ಯಾದೆ, ಎರಡರ ನಡುವೆ ಗಾಡಿ ಉಸಿರು ಕಟ್ಟಿ ಒದ್ದಾಡಿತ್ತು! ಗಂಗಾಬಾಯಿ "ಶಿವಾ, ತಪ್ಪಾತಪ್ಪಾ" ಎಂದು ಕೆನ್ನೆ ಬಡಿದುಕೊಂಡು ವಿಭೂತಿ ಒರೆಸಿದಳು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತು ಬಿಡಿಸಿದಳು. ಆಮೇಲೆ ಹೊತ್ತು ಮುಳುಗುವುದರೊಳಗೆ ಹುಲ್ಲೆಲ್ಲ ಒಂದೇ ಸಮ.

ಶಾಂತಕುಮಾರ ಲಾನು ನೋಡಿದ. ಆದರೂ ಚಾವಿಗೆ ಕೈ ಚಾಚಿಯೇ ಕೇಳಿದ, "ಏನಾಗಿತ್ತು?"

ಕಸ ಸಿಕ್ಕಿತ್ತೆಂದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. "ನಾನೇ ಹಚ್ಚಿದ್ ಈಬತ್ತೀರಿ," ಎಂದು ಎಲ್ಲ ಹೇಳಿಬಿಟ್ಟಳು.

ಅವನಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ಮುಂದಿನ ವರ್ಷ ಪೂಜಿ ಬ್ಯಾಡಂತೀ?"

"ಯಾಕ ಬ್ಯಾಡ್ರಿ? ಈಬತ್ತಿ ನನ್ನ ಹಣಿಗೆ ಹಚ್ಕೋತೇನಿ. ಓಡ್ಸಾಕಿ ನಾನೇ ಅಲ್ಲೇನ್ರಿ?"

ಶಾಂತಕುಮಾರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.