ನೀರಿದೆ ಅನ್ನುವುದಕ್ಕೊಂದು ಫೋಟೋ

ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಏನನ್ನು ತೆಗೆಯಬೇಕು ಅಂತಿದ್ದೀರಿ ಎಂದು ತಿರುಗಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದೇ ಗೊತ್ತಿಲ್ಲದೆ ಅಂಗಡಿಗೆ ಹೊರಟವರಿಗೆ ನಾನು ಏನೂ ಹೇಳುವುದಿಲ್ಲ. ಈ ಮುದುಕಿಗೆ ಕೊಬ್ಬು ಎಂದುಕೊಂಡು ಹೋಗುತ್ತಾರೆ. ಇದೆ, ಇಲ್ಲ ಅನ್ನುವುದಿಲ್ಲ. ಅದು ನನಗೆ ಬಂದದ್ದು ಒಂದು ಬಾವಿಯಿಂದ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಬ್ಲಾಕುಗಳು ಒಂದೊಂದಾಗಿ ನಮ್ಮ ಹಳ್ಳಿಯ ಕಡೆಗೆ ಬರುತ್ತಿದ್ದವು. ನಮ್ಮ ರಾಗಿ ಹೊಲದಲ್ಲಿ ಕಲ್ಲು ನೆಟ್ಟು ರಸ್ತೆ ಎಳೆದಿದ್ದರು. ಊರಿನ ಮನೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ನನಗೆ ಇಪ್ಪತ್ತು ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿ ಊರಿನ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಿಲಿಟರಿಯಲ್ಲಿ ಡ್ರೈವರಾಗಿದ್ದ ಸೋದರಮಾವ ರಜೆಗೆ ಬಂದಾಗ ಒಂದು ಡಬ್ಬಿ ಕ್ಯಾಮೆರಾ ತಂದು, ಎರಡು ದಿನ ಆಡಿ, ಬೇಸರವಾಗಿ ನನಗೆ ಕೊಟ್ಟು ಹೋಗಿದ್ದ. ಕಪ್ಪು ಡಬ್ಬಿ, ಮುಂದೊಂದು ಗಾಜಿನ ಕಣ್ಣು, ಪಕ್ಕದಲ್ಲಿ ಒತ್ತುವ ಕಡ್ಡಿ, ಮೇಲಿನಿಂದ ಬಗ್ಗಿ ನೋಡಲು ಅಂಗುಲದಗಲದ ಕಿಟಕಿ. ಒಂದು ರೋಲಿಗೆ ಎಂಟು ಫೋಟೋ. ಹಿಂದೆ ಮುಂದೆ ತಿರುಗಿಸಿ ಸರಿಮಾಡಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಬಡಾವಣೆ ಮಾಡುವ ಕಚೇರಿಯಿಂದ ಕಾಗದ ಬಂತು. ಊರಿನ ಬಾವಿಯನ್ನು ಮುಚ್ಚುತ್ತಾರಂತೆ. ಅಳತೆಯವನು ಬಂದು ‘ನೀರಿಲ್ಲದ ಹಾಳು ಬಾವಿ’ ಎಂದು ಬರೆದುಕೊಂಡು, ಕಟ್ಟೆಯ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬಳಿದು ಹೋಗಿದ್ದ. ಬಗ್ಗಿ ನೋಡಿದ್ದನೋ ಇಲ್ಲವೋ ಆ ದೇವರಿಗೇ ಗೊತ್ತು. ಬೇಸಿಗೆಯಲ್ಲಿ ನೀರು ಕೆಳಗಿಳಿಯುತ್ತಿತ್ತು, ನಿಜ. ಬತ್ತಿದ್ದನ್ನು ನಮ್ಮಜ್ಜಿಯೂ ಕಂಡಿರಲಿಲ್ಲ. ನಮ್ಮ ಕೇರಿಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಬಾವಿ ಹೋದರೆ ಹೊಸ ಬ್ಲಾಕಿನ ಬೀದಿ ನಲ್ಲಿಯ ತನಕ ನಡೆಯಬೇಕು. ಅಲ್ಲಿ ಹಳ್ಳಿಯವರ ಕೊಡಕ್ಕೆ ಯಾವಾಗಲೂ ಸಾಲಿನ ಕೊನೆ. ನಮ್ಮವ್ವನ ಮಂಡಿ ಆಗಲೇ ಊದಿಕೊಂಡಿತ್ತು, ಮನೆಯಿಂದ ಬಾವಿಗೆ ಹೋಗಿಬರುವುದರಲ್ಲೇ ಎರಡು ಸಲ ಕೂರುತ್ತಿದ್ದಳು.

ಅವ್ವನನ್ನು ಕರೆದುಕೊಂಡು ಕಚೇರಿಗೆ ಹೋದೆ. ಅಧಿಕಾರಿ ಕೆಟ್ಟವನಲ್ಲ, ಕುರ್ಚಿ ಬಿಟ್ಟು ಏಳದವನು ಅಷ್ಟೆ.

“ಫೈಲಲ್ಲಿ ನೀರಿಲ್ಲ ಅಂತ ಇದೆಯಲ್ಲಮ್ಮ.”

“ಒಂದ್ಸಲ ಬಂದು ನೋಡಿ ಸಾರ್.”

“ಪ್ರತಿಯೊಂದು ಗುಂಡಿಗೂ ನಾನು ಬರಕ್ಕಾಗುತ್ತಾ? ಬಾಯಿ ಮಾತು ಬೇಡ. ಏನಾದ್ರೂ ದಾಖಲೆ ಇದ್ರೆ ತನ್ನಿ.”

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸ್ವಾಮಿ?” ಎಂದಳು ಅವ್ವ. ಆತ ಅಷ್ಟರಲ್ಲಿ ಬೇರೆ ಫೈಲು ಬಿಚ್ಚಿದ್ದ. ಬೇಕಂತಲ್ಲ ಕನ್ನಡಿ, ತೋರಿಸೋಣ ಬಾ ಎಂದು ನಾನು ದಾರಿಯುದ್ದಕ್ಕೂ ಬುಸುಗುಟ್ಟುತ್ತಾ ನಡೆದೆ.

ಹೊಸ ಬ್ಲಾಕಿನಲ್ಲಿ ಮನೆ ಕಟ್ಟಿಸಿದ್ದ ಒಬ್ಬ ದೊಡ್ಡ ಫೋಟೋಗ್ರಾಫರು ಇದ್ದರು. ಕೆಲಸ ಬ್ಯಾಂಕಿನಲ್ಲಿ, ಜೀವವೆಲ್ಲ ಕ್ಯಾಮೆರಾದಲ್ಲಿ. ಭಾನುವಾರ ಬೆಳಗಾದರೆ ಎರಡು ಕಣ್ಣಿನ ಜರ್ಮನ್ ಕ್ಯಾಮೆರಾ ನೇತುಹಾಕಿಕೊಂಡು ಬಂದು, ನಮ್ಮೂರಿನ ಕುರಿಗಳನ್ನು ಧೂಳೆಬ್ಬಿಸಿ ಓಡಿಸಿ ಫೋಟೋ ತೆಗೆಯುತ್ತಿದ್ದರು. ಅವುಗಳಿಗೆ ಬಹುಮಾನಗಳೂ ಬರುತ್ತಿದ್ದವು. ನಾನು ಅವರ ಗೇಟಿಗೆ ಹೋಗಿ ವಿಷಯ ಹೇಳಿದೆ.

“ಬಾವಿ ಒಳಗಡೆ ತೆಗೆಯೋಕೆ ಏನಿದೆಯಮ್ಮ?” ಎಂದರು. “ಕಟ್ಟೆ ಪಕ್ಕ ಯಾರಾದ್ರೂ ಸೊಂಟದ ಮೇಲೆ ಕೊಡ ಇಟ್ಕೊಂಡು ನಿಲ್ಲೋದಾದ್ರೆ ಹೇಳು, ಬರ್ತೀನಿ. ಮಣ್ಣಿನ ಕೊಡ ಇರಬೇಕು.”

ನನ್ನ ಡಬ್ಬಿಯನ್ನು ನೋಡಿ ನಕ್ಕರು. ಇದು ಆಟದ ಸಾಮಾನು, ಮೊದಲು ಒಳ್ಳೆಯ ಕ್ಯಾಮೆರಾ ತಗೋ, ಏನು ತೆಗೆದರೂ ಬೆಳಗ್ಗೆ ಎಂಟರೊಳಗೆ ತೆಗಿ, ಮಧ್ಯಾಹ್ನದ ಬಿಸಿಲಲ್ಲಿ ಕ್ಯಾಮೆರಾ ಮುಟ್ಟಲೇಬೇಡ, ಚಿತ್ರದೊಳಗೆ ಬೇಡದ್ದೊಂದೂ ಬರಬಾರದು ಎಂದು ಉಪದೇಶ ಮಾಡಿದರು. ರೋಲು ಕೊಳ್ಳಲು ಗಾಂಧಿ ಬಜಾರಿನ ಸ್ಟುಡಿಯೋಗೆ ಹೋದರೆ ಅಲ್ಲೂ ಅದೇ ರಾಗ. ಅಂಗಡಿಯಾತ ಮಡಿಚುವ ಕ್ಯಾಮೆರಾ ಒಂದನ್ನು ಬಿಚ್ಚಿ ಅದರ ಲೆನ್ಸಿನ ಗುಣಗಾನ ಮಾಡಿದ.

“ಇದ್ರಲ್ಲಿ ಬಾವಿ ತಳದ ನೀರು ಕಾಣುತ್ತಾ?” ಎಂದೆ.

“ಅದು ತೆಗೆಯೋರ ಕೈಯಲ್ಲಿರುತ್ತಮ್ಮ.”

“ಹಾಗಿದ್ರೆ ಕ್ಯಾಮೆರಾ ನಂದೇ ಸಾಕು, ಒಂದು ರೋಲು ಕೊಡಿ.”

ಹೇಳುವುದೇನೋ ಹೇಳಿ ಬಂದೆ. ಆದರೆ ದೊಡ್ಡವರ ಮಾತು ತಲೆಯಲ್ಲಿ ಕೂತಿತ್ತು. ಬೆಳಗ್ಗೆ ಏಳಕ್ಕೆ ಹೋಗಿ ಎಂಟೂ ತೆಗೆದೆ. ತೊಳೆಸಿ ತಂದರೆ ಎಂಟು ಕಪ್ಪು ತೂತುಗಳು. ಅಳತೆಯವನ ಪರವಾಗಿ ನಾನೇ ಸಾಕ್ಷಿ ಹೇಳಿದಂತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ಡಬ್ಬಿಯನ್ನು ಬೈದು ಮೂಲೆಗೆಸೆದು ಅತ್ತೆ. ಅವ್ವ ಅದನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು.

“ಹೊತ್ತಾರೆ ನೋಡಿದ್ರೆ ಬಾವಿಯಾಗೆ ಯಾರಿಗಾದ್ರೂ ಕತ್ಲೇ ಕಾಣೋದು. ಬಿಸ್ಲು ತಳ ಮುಟ್ಟೋದು ನಡು ಮಧ್ಯಾಹ್ನ, ಅದೂ ಬೇಸ್ಗೇಲಿ ಮಾತ್ರ. ನೀರು ಸೇದೋರ್ನ ಕೇಳೋದು ಬಿಟ್ಟು ಬ್ಯಾಂಕಿನೋರ್ನ ಕೇಳ್ತೀಯಲ್ಲ!”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವರ ಕುರಿಗಳಿಗೆ ಬೆಳಗಿನ ಬಿಸಿಲು ಸರಿಯಿರಬಹುದು, ನನ್ನ ಬಾವಿಗೆ ನನ್ನ ಬಿಸಿಲು. ಕಡ್ಡಿ ಒತ್ತುವಾಗ ಡಬ್ಬಿ ಅಲುಗುತ್ತಿತ್ತು, ಅದನ್ನೂ ಕಂಡುಕೊಂಡಿದ್ದೆ. ವಾರವಿಡೀ ಶಾಲೆ ಬಿಟ್ಟ ಮೇಲೆ ರೋಲಿಲ್ಲದ ಡಬ್ಬಿಯ ಮೇಲೆ ತುಂಬಿದ ಲೋಟ ಇಟ್ಟುಕೊಂಡು ಕಡ್ಡಿ ಒತ್ತುವ ಅಭ್ಯಾಸ ಮಾಡಿದೆ. ಮೊದಲ ದಿನ ಸೀರೆಯೆಲ್ಲ ಒದ್ದೆ. ವಾರದ ಕೊನೆಗೆ ಒಂದು ಹನಿ ತುಳುಕಲಿಲ್ಲ. ಫೋಟೋಗ್ರಫಿಯಲ್ಲಿ ನಾನು ಕಲಿತ ವಿದ್ಯೆಯಲ್ಲಿ ಅರ್ಧದಷ್ಟು ಆ ಲೋಟದಿಂದಲೇ ಬಂದದ್ದು.

ಎರಡನೇ ರೋಲನ್ನು ಮಟಮಟ ಮಧ್ಯಾಹ್ನ ತೆಗೆದೆ. ಕಟ್ಟೆಯ ಮೇಲೆ ಬೋರಲು ಮಲಗಿ, ಎರಡೂ ಕೈ ಚಾಚಿ ಡಬ್ಬಿಯನ್ನು ಕೆಳಮುಖ ಹಿಡಿದೆ. ಪಕ್ಕದ ಮನೆಯ ಚಿಕ್ಕವ್ವ ಬಿಂದಿಗೆ ಇಳಿಬಿಟ್ಟು ನೀರನ್ನು ಕದಡಿದಳು. ಈ ಸಲ ತಳದಲ್ಲಿ ಬೆಳ್ಳಗೆ ಹೊಳೆಯುವ ನೀರು, ಅದರ ಮೇಲೆ ಬಳೆಬಳೆಯಾಗಿ ಅಲೆ. ಹಾರಿಕೊಂಡು ಕಚೇರಿಗೆ ಹೋದೆ.

ಅಧಿಕಾರಿ ಫೋಟೋವನ್ನು ಕಿಟಕಿಯ ಕಡೆ ಹಿಡಿದು ನೋಡಿದ. “ನೀರೇನೋ ಇದೆ. ಆದ್ರೆ ಇದು ನಿಮ್ಮ ಬಾವೀನೇ ಅಂತ ಹೇಗೆ ಹೇಳೋದು? ಬಾವಿ ಅಂದ್ಮೇಲೆ ಎಲ್ಲಾ ಒಂದೇ ಥರ. ಬರೋ ಸೋಮವಾರ ಮಣ್ಣಿನ ಲಾರಿ ಬರುತ್ತಮ್ಮ, ಸುಮ್ನೆ ಓಡಾಡ್ಬೇಡಿ.”

ಆತ ಹೇಳಿದ್ದು ಸರಿಯಾಗಿತ್ತು. ನನ್ನ ಹೊಟ್ಟೆ ಉರಿದದ್ದೇ ಅದಕ್ಕೆ. ಬಾವಿ ನಮ್ಮದು ಎಂದು ಹೇಳುವುದು ಕಟ್ಟೆಯ ಮೇಲೆ ಅವರೇ ಬಳಿದ ನಂಬರು. ಅದೂ ತಳದ ನೀರೂ ಒಂದೇ ಫೋಟೋದಲ್ಲಿ ಬರಬೇಕು. ಬಾವಿಯ ಸುತ್ತ ಹತ್ತು ಸಲ ತಿರುಗಿ, ಬಗ್ಗಿ, ಕೂತು ನೋಡಿದೆ. ನಂಬರಿಗೆ ಎದುರಾಗಿ ಕಟ್ಟೆಯ ಮೇಲೆ ಹತ್ತಿ ನಿಂತರೆ ಮಾತ್ರ ಎರಡೂ ಕಾಣುತ್ತಿದ್ದವು.

ಮದುವೆಯಾಗದ ಹುಡುಗಿ ಬಾವಿ ಕಟ್ಟೆಯ ಮೇಲೆ ನಿಂತರೆ ಊರು ಏನೆಂದುಕೊಳ್ಳುತ್ತದೆ ಎಂದು ಹೇಳಬೇಕಾಗಿಲ್ಲ. ನಾನು ಹತ್ತಿದ್ದೇ ತಡ, ನೀರಿಗೆ ಬಂದಿದ್ದ ಹೆಂಗಸರೆಲ್ಲ ಕೂಗಿಕೊಂಡರು. ಒಬ್ಬಳಂತೂ, ಯಾರು ಏನಂದ್ರೇ ನಿನಗೆ, ಇಳಿಯೇ ನನ್ನವ್ವ ಎಂದು ಅಳತೊಡಗಿದಳು. ನಾನು ಸಾಯೋಕಲ್ಲ ಹತ್ತಿರೋದು, ಸುಮ್ನಿರ್ರೇ ಎಂದು ಗದರಿದೆ. ಅವ್ವ ಕೆಳಗೆ ನಿಂತು ನನ್ನ ಸೀರೆಯನ್ನು ಹಿಂದಿನಿಂದ ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಡಬ್ಬಿಯನ್ನು ಓರೆಯಾಗಿ ಬಗ್ಗಿಸಿದ್ದರಿಂದ ಅದರ ಕಿಟಕಿ ನನಗೆ ಕಾಣುತ್ತಿರಲಿಲ್ಲ, ಕೈಯ ಅಂದಾಜೇ ಗತಿ. ಕಾಲಡಿಯ ಕಲ್ಲು ಕಾದಿತ್ತು. ನನಗೆ ಭಯವಾಗಿತ್ತು, ಆಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈ ಮಾತ್ರ ನಡುಗಲಿಲ್ಲ. ಚಿಕ್ಕವ್ವನಿಗೆ ಬಿಂದಿಗೆ ಬಿಡು ಎಂದೆ, ಉಸಿರು ಕಟ್ಟಿ ಒತ್ತಿದೆ. ಎಂಟೂ ಹಾಗೇ ತೆಗೆದೆ.

ಏಳು ಕೆಟ್ಟವು. ಒಂದರಲ್ಲಿ ಮೇಲೆ ಬಿಳಿ ನಂಬರು, ಕೆಳಗೆ ಬಿಂದಿಗೆ ಮುಳುಗುತ್ತಿರುವ ನೀರು. ಅದನ್ನು ಹಿಡಿದುಕೊಂಡು ಬರುವಾಗ ರಸ್ತೆಯಲ್ಲಿ ಬ್ಯಾಂಕಿನವರು ಸಿಕ್ಕರು, ಈಸಿಕೊಂಡು ತುಂಬಾ ಹೊತ್ತು ನೋಡಿದರು.

“ಪರವಾಗಿಲ್ವೇ! ಈ ನಂಬರ್ ಒಂದು ಇಲ್ದಿದ್ರೆ ಸ್ಪರ್ಧೆಗೆ ಕಳಿಸಬಹುದಿತ್ತು. ಬೇಕಾದ್ರೆ ಅದನ್ನ ಕತ್ತರಿಸಿ ಪ್ರಿಂಟ್ ಮಾಡಿಕೊಡ್ತೀನಿ.”

ನಾನು ಅವರ ಕೈಯಿಂದ ಕಿತ್ತುಕೊಂಡೆ. ದೊಡ್ಡವರ ಕೈಯಿಂದ ಹಾಗೆ ಕಿತ್ತುಕೊಳ್ಳಬಾರದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.

ಶನಿವಾರ ಕಚೇರಿ ಮುಚ್ಚುವ ಮೊದಲು ಹೋಗಿ ಮೇಜಿನ ಮೇಲಿಟ್ಟೆ. ಅಧಿಕಾರಿ ಫೈಲು ತೆಗೆದು ನಂಬರು ತಾಳೆ ನೋಡಿದ. ಮತ್ತೆ ಫೋಟೋ ನೋಡಿದ. ಏನೋ ಹೊಳೆದವನಂತೆ ತಲೆ ಎತ್ತಿದ.

“ಇದನ್ನ ಎಲ್ಲಿಂದ ತೆಗೆದ್ರಿ?”

“ಕಟ್ಟೆ ಮೇಲೆ ನಿಂತ್ಕೊಂಡು.”

“ಯಾರು?”

“ನಾನೇ.”

“ತಲೆ ಕೆಟ್ಟಿದೆಯೇನಮ್ಮ? ಕಾಲು ಜಾರಿ ಒಳಗೆ ಬಿದ್ದಿದ್ರೆ?”

“ಬಿದ್ದಿದ್ರೆ ಹೆಣ ತೇಲ್ತಿತ್ತು ಸಾರ್. ನೀರಿದೆ ಅಂತ ಫೋಟೋ ಇಲ್ದೇನೇ ನಿಮಗೆ ಗೊತ್ತಾಗ್ತಿತ್ತು.”

ಆತ ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಫೈಲಿನಲ್ಲಿದ್ದ ‘ನೀರಿಲ್ಲದ ಹಾಳು’ ಎಂಬ ಎರಡು ಪದಗಳನ್ನು ಹೊಡೆದುಹಾಕಿ, ‘ಬಾವಿ’ ಎಂಬುದನ್ನು ಹಾಗೇ ಬಿಟ್ಟ.