ಕ್ಯಾಲೆಂಡರಿನ ಕೆಂಪು ರೇಟು

ಚನ್ನಗಿರಿಯ ನಮ್ಮ ಮನೆಯಲ್ಲಿ ದಿನದ ಅಡಿಕೆ ರೇಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಕೆಳಗೆ ಬರೆದಿಡುವುದು ಅಪ್ಪನ ಕಾಲದಿಂದ ಬಂದ ರೂಢಿ. ಕಳೆದ ವರ್ಷ ಅದರ ಪಕ್ಕದಲ್ಲೇ ನಾನು ಕೆಂಪು ಪೆನ್ನಿನಲ್ಲಿ ಇನ್ನೊಂದು ರೇಟು ಬರೆಯತೊಡಗಿದೆ. ಅದು ಮೊಬೈಲಿನಲ್ಲಿ ನೋಡಿಟ್ಟಿದ್ದ ವಾಷಿಂಗ್ ಮಷಿನ್ನಿನದು.

ಹಬ್ಬದ ಸೇಲಿನ ದಿನ ಇಪ್ಪತ್ತೆಂಟು ಸಾವಿರಕ್ಕೆ ಗೀಟು ಹಾಕಿ, ಪಕ್ಕದಲ್ಲಿ ಹದಿನೆಂಟು ಸಾವಿರ ಎಂದು ತೋರಿಸಿದರು. ಆಫರ್ ಮುಗಿಯಲು ಒಂಬತ್ತೇ ನಿಮಿಷವಿತ್ತು. ಸೆಕೆಂಡುಗಳು ಕಣ್ಣೆದುರೇ ಇಳಿಯುತ್ತಿದ್ದವು. ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದ ಹೆಂಡತಿ ಸೋಪಿನ ಕೈಯಲ್ಲೇ ನನ್ನ ಬೆನ್ನ ಹಿಂದೆ ನಿಂತಳು.

“ಒತ್ರೀ, ಟೈಮ್ ಆಗಾಕೆ ಬಂತು.”

“ತಡಿ ಮಾರಾಯ್ತಿ,” ಎಂದು ರೇಗಿದೆ. ಬೆವರುತ್ತಾ ಕ್ಯಾಲೆಂಡರಿನ ಹಾಳೆ ತಿರುವಿದೆ. ಇಪ್ಪತ್ತೆಂಟು ಸಾವಿರ ಅನ್ನುವ ರೇಟು ಯಾವ ದಿನವೂ ಇರಲೇ ಇಲ್ಲ. ಹಿಂದಿನ ತಿಂಗಳಿಡೀ ಇದ್ದದ್ದು ಹದಿನೇಳೂವರೆ.

“ನೋಡು, ಏರ್ಸಿ ಇಳ್ಸ್ಯಾರೆ! ಶುದ್ಧ ಮೋಸ ಐತೆ ಇದು.” ಗೆದ್ದವನಂತೆ ಮೊಬೈಲನ್ನು ಮಗುಚಿಟ್ಟೆ.

ಅವಳು ಇನ್ನೂ ಎರಡು ಹಾಳೆ ಹಿಂದಕ್ಕೆ ಹೋಗಿ, ಒಂದು ಮಂಗಳವಾರದ ಮೇಲೆ ಒದ್ದೆ ಬೆರಳಿಟ್ಟಳು. ಹದಿನೈದು ಸಾವಿರ. ನನ್ನದೇ ಅಕ್ಷರ. ರೇಟು ಏರಲಿ ಎಂದು ಅಡಿಕೆ ಚೀಲ ಹಿಡಿದಿಟ್ಟುಕೊಳ್ಳುವ ಅದೇ ಬುದ್ಧಿಯಲ್ಲಿ, ನಾಳೆ ಇನ್ನೂ ಇಳಿದೀತು ಎಂದು ಅವತ್ತು ನಾನು ಸುಮ್ಮನೆ ಬರೆದಿಟ್ಟು ಕೂತಿದ್ದೆ. ಅವಳ ಬೆರಳಿನಡಿ ಕೆಂಪು ಅಂಕಿ ಕದಡಿಕೊಳ್ಳುತ್ತಿತ್ತು.

“ಇವತ್ತು ಅವ್ರು ಮೋಸ ಮಾಡಿದ್ರು, ಆಯ್ತು. ಅವತ್ತು ಮಾಡಿದ್ದು ಯಾರ್ರೀ?”